ಕೆರೆಯ ತಳದಿಂದ ಬರುವ ಅಂಕಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾವು ನಾಲ್ಕು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಒಂದು ದೊಡ್ಡ ಕೆರೆಯ ನೀರಿನ ಗುಣಮಟ್ಟವನ್ನು ಹಗಲೂ ರಾತ್ರಿ ಅಳೆಯುವ ಪ್ರಾಜೆಕ್ಟ್ ಮಾಡಬೇಕು ಅಂದುಕೊಂಡಿದ್ದೇವೆ. ನೀರಿನೊಳಗೆ ಇಪ್ಪತ್ತು ಕಡೆ ಸೆನ್ಸರ್ ಇಟ್ಟು, ಅವು ವೈರ್ ಇಲ್ಲದೆ ಒಂದಕ್ಕೊಂದು ಮಾತಾಡಿಕೊಂಡು ದಡಕ್ಕೆ ಮಾಹಿತಿ ಮುಟ್ಟಿಸಬೇಕು ಅನ್ನೋದು ಯೋಚನೆ. ವೈಫೈ ನೀರಿನಲ್ಲಿ ಯಾಕೆ ನಡೆಯುವುದಿಲ್ಲ? ಶಬ್ದದ ಮೋಡೆಮ್ ಬಳಸಬೇಕಾ? ಯಾವ ಸೆನ್ಸರ್ ಇಡಬೇಕು, ಎಲ್ಲಿ ಇಡಬೇಕು? ಇದೆಲ್ಲ ಆದ ಮೇಲೆ ಲ್ಯಾಬ್ ಪರೀಕ್ಷೆ ಬೇಕಾಗುತ್ತದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ನೆಟ್‌ವರ್ಕ್ ಇದೆ, ಕಾಲು ಪಾಲು ಸೆನ್ಸರ್ ಇದೆ. ನೀರಿಗೆ ಇಳಿದ ಮೇಲೆ ಕೆಲಸ ಇದಕ್ಕೆ ಉಲ್ಟಾ ಇರುತ್ತದೆ. ಅಂಕಿ ದಡಕ್ಕೆ ಬರುವುದು ಹೇಗೋ ಆಗುತ್ತದೆ. ಬಂದ ಅಂಕಿ ನಿಜವಾ ಅನ್ನೋದನ್ನು ಹೇಳುವುದೇ ಕಷ್ಟ. ಇರಲಿ, ನೀವು ಕೇಳಿದ ಕ್ರಮದಲ್ಲೇ ಹೋಗೋಣ.

ವೈಫೈ ಓಡಾಡುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅಲ್ಲೇ. ಆ ಅಲೆಯನ್ನು ನೀರು ಚೆನ್ನಾಗಿ ಹೀರಿಕೊಂಡು ಬಿಸಿಯಾಗುತ್ತದೆ, ಅದಕ್ಕೇ ಒಲೆಯೊಳಗಿನ ಸಾರು ಕುದಿಯುತ್ತದೆ. ಅಂದರೆ ನಿಮ್ಮ ಸಿಗ್ನಲ್ ಕೆರೆಯನ್ನು ಒಂದಿಷ್ಟು ಬೆಚ್ಚಗೆ ಮಾಡಿ ಮುಗಿದುಹೋಗುತ್ತದೆ. ಸಿಹಿನೀರಿನಲ್ಲೂ ಒಂದು ಗೇಣು ದಾಟುವಷ್ಟರಲ್ಲಿ ಅದು ಸುಮಾರು ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಇನ್ನೊಂದು ಗೇಣು ಹೋದರೆ ಉಳಿದದ್ದರಲ್ಲಿ ಮತ್ತೆ ಲಕ್ಷದಲ್ಲಿ ಒಂದು. ಪವರ್ ಜಾಸ್ತಿ ಮಾಡಿದರೆ ಸಿಗುವುದು ಇನ್ನು ಕೆಲವು ಬೆರಳಿನಷ್ಟು ದೂರ, ಅಷ್ಟೇ. ಫ್ರೀಕ್ವೆನ್ಸಿ ತೀರಾ ಕಡಿಮೆ ಮಾಡಿದರೆ ರೇಡಿಯೋ ಸ್ವಲ್ಪ ದೂರ ಹೋಗುತ್ತದೆ, ಆದರೆ ಆಂಟೆನಾ ದೊಡ್ಡದಾಗುತ್ತಾ ಹೋಗುತ್ತದೆ. ಸೆನ್ಸರ್‌ಗಿಂತ ಆಂಟೆನಾ ದೊಡ್ಡದಾದರೆ ಯಾರಿಗೆ ಬೇಕು?

ಬೆಳಕಿನಿಂದಲೂ ಮಾಹಿತಿ ಕಳಿಸಬಹುದು. ನೀಲಿ ಮತ್ತು ಹಸಿರು ಬೆಳಕು ತಿಳಿನೀರಿನಲ್ಲಿ ಹತ್ತಾರು ಮೀಟರ್ ಹೋಗುತ್ತದೆ, ವೇಗವೂ ಚೆನ್ನಾಗಿರುತ್ತದೆ. ಆದರೆ ನೀವು ಅಳೆಯಲು ಹೊರಟಿರುವುದು ಹದಗೆಡುತ್ತಿರಬಹುದಾದ ನೀರನ್ನು. ನೀರು ಕೆಟ್ಟ ದಿನವೇ ಅದು ಕದಡಿರುತ್ತದೆ, ಮಾಹಿತಿ ಬೇಕಾದ ಆ ದಿನವೇ ಬೆಳಕಿನ ಲಿಂಕ್ ಕೈಕೊಡುತ್ತದೆ. ನೀರಿನ ಗುಣಮಟ್ಟಕ್ಕೆ ಇದನ್ನು ನಾನು ಆಯ್ಕೆ ಮಾಡುವುದಿಲ್ಲ.

ಉಳಿದದ್ದು ಶಬ್ದ. ನೀರಿನೊಳಗೆ ಶಬ್ದ ಎಷ್ಟು ವೇಗವಾಗಿ ಹೋಗುತ್ತದೆ ಅಂತ 1826ರಲ್ಲೇ ಜಿನೀವಾ ಸರೋವರದಲ್ಲಿ ಕೊಲಾಡೋನ್ ಮತ್ತು ಸ್ಟರ್ಮ್ ಅಳೆದಿದ್ದರು. ಒಂದು ದೋಣಿಯಲ್ಲಿ ನೀರೊಳಗೆ ಗಂಟೆ ಹೊಡೆಯುವುದು, ಅದೇ ಕ್ಷಣಕ್ಕೆ ಮೇಲೆ ಮದ್ದು ಹೊತ್ತಿಸಿ ಬೆಳಕು ತೋರಿಸುವುದು. ಸುಮಾರು 13 ಕಿಲೋಮೀಟರ್ ಆಚೆ ಇನ್ನೊಂದು ದೋಣಿಯಲ್ಲಿ ಕೂತವರು ಬೆಳಕು ಕಂಡ ಮೇಲೆ ಎಷ್ಟು ಹೊತ್ತಿಗೆ ಗಂಟೆ ಕೇಳಿತು ಅಂತ ಲೆಕ್ಕ ಹಾಕುವುದು. ಅವರಿಗೆ ಸಿಕ್ಕಿದ್ದು ಸೆಕೆಂಡಿಗೆ 1,435 ಮೀಟರ್. ಈಗಿನ ಉಪಕರಣಗಳ ಅಳತೆಗೂ ಇದು ತುಂಬಾ ಹತ್ತಿರ. ಎರಡು ದೋಣಿ, ಒಂದು ಗಂಟೆ! ಪ್ರಾಜೆಕ್ಟ್ ಅಂದರೆ ಹೀಗಿರಬೇಕು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಗಾಳಿಗೆ ಹೋಲಿಸಿದರೆ ಈ ವೇಗ ನಾಲ್ಕು ಪಟ್ಟಿಗಿಂತ ಜಾಸ್ತಿ. ರೇಡಿಯೋಗೆ ಹೋಲಿಸಿದರೆ ಸುಮಾರು ಎರಡು ಲಕ್ಷ ಪಟ್ಟು ನಿಧಾನ. ತೊಂದರೆ ಶುರುವಾಗುವುದು ಇಲ್ಲೇ. ಒಂದೂವರೆ ಕಿಲೋಮೀಟರ್ ದೂರದ ಸೆನ್ಸರ್‌ಗೆ ‘ಇದ್ದೀಯಾ?’ ಅಂತ ಕೇಳಿದರೆ ‘ಇದ್ದೀನಿ’ ಅನ್ನುವ ಉತ್ತರ ಬರಲು ಎರಡು ಸೆಕೆಂಡ್ ಬೇಕು. ವೈಫೈಯಲ್ಲಿ ಪ್ರತಿ ಉಪಕರಣವೂ ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ಕಿವಿಗೊಡುತ್ತದೆ. ನೀರಿನಲ್ಲಿ ಆ ಉಪಾಯ ಸರಿಯಾಗಿ ನಡೆಯುವುದಿಲ್ಲ. ನಿಮಗೆ ಎಲ್ಲ ನಿಶ್ಶಬ್ದ ಅನ್ನಿಸಿದಾಗಲೇ ಇನ್ನೊಬ್ಬನ ಮಾತು ಅರ್ಧ ದಾರಿಯಲ್ಲಿ ಬರುತ್ತಿರುತ್ತದೆ. ಎರಡೂ ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಇಪ್ಪತ್ತು ಸೆನ್ಸರ್‌ಗಳಿಗೆ ಸರದಿ ಹಂಚಬೇಕು. ಸರದಿ ನಡೆಯಬೇಕಾದರೆ ಎಲ್ಲರ ಗಡಿಯಾರ ಒಂದೇ ಹೊತ್ತು ತೋರಿಸಬೇಕು. ಸರಿಯಾದ ಹೊತ್ತು ಹೇಳುವ ಜಿಪಿಎಸ್ ನೀರೊಳಗೆ ಸಿಗುವುದಿಲ್ಲ. ಮಾಮೂಲಿ ಕ್ವಾರ್ಟ್ಜ್ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಆಯಿತು, ವರ್ಷಕ್ಕೆ ಹತ್ತು ನಿಮಿಷ ದಾಟಿತು.

ಇನ್ನೂ ಇದೆ. ಕೆರೆ ಆಳ ಕಡಿಮೆ, ಅಗಲ ಜಾಸ್ತಿ. ಶಬ್ದ ಮೇಲ್ಮೈಗೆ ಬಡಿದು, ತಳಕ್ಕೆ ಬಡಿದು, ಒಂದೇ ಮಾತು ನಾಲ್ಕೈದು ಸಲ ಹಿಂದುಮುಂದಾಗಿ ತಲುಪುತ್ತದೆ. ಕಲ್ಯಾಣಮಂಟಪದ ಮೈಕಿನ ಥರ. ಮಳೆ ಬಿದ್ದರೆ ಗದ್ದಲ, ದೋಣಿಯ ಮೋಟಾರ್ ಬಂದರೆ ಗದ್ದಲ. ಬಿಸಿಲುಗಾಲದಲ್ಲಿ ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ ಇರುತ್ತದಲ್ಲ, ಆಗ ಶಬ್ದ ತಣ್ಣಗಿನ ಕಡೆಗೆ ಬಾಗುತ್ತದೆ. ಹಾಗಾಗಿ ಮಟ್ಟಸವಾಗಿ ಹೊರಟ ಸಂದೇಶ ತಳದ ಕೆಸರಿಗೆ ಹೋಗಿ ಸೇರಬಹುದು. ಬೆಳಿಗ್ಗೆ ಸಿಕ್ಕ ಲಿಂಕ್ ಮಧ್ಯಾಹ್ನ ಕಾಣೆಯಾದರೆ ಮೊದಲೇ ನಿಮ್ಮ ಕೋಡ್ ಬೈಯಬೇಡಿ. ಮೇಲಿಂದ ಕೆಳಕ್ಕೆ ನೇರವಾಗಿ ಹೋಗುವ ಶಬ್ದಕ್ಕೆ ಈ ಕಾಟ ಕಡಿಮೆ.

ವೇಗದ ಚಿಂತೆ ಮಾತ್ರ ಬಿಟ್ಟುಬಿಡಿ. ನೀರೊಳಗಿನ ಡಿಜಿಟಲ್ ಮಾತುಕತೆಗೆ 2017ರಲ್ಲಿ ನೇಟೋ ಒಪ್ಪಿದ ‘ಜೇನಸ್’ ಅನ್ನುವ ಸ್ಟ್ಯಾಂಡರ್ಡ್ ಇದೆ. ಅದರ ವೇಗ ಸೆಕೆಂಡಿಗೆ ಸುಮಾರು 80 ಬಿಟ್. ನಗು ಬರುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ಆರು ಅಳತೆ, ಒಂದೊಂದಕ್ಕೆ ನಾಲ್ಕು ಬೈಟ್, ಒಟ್ಟು 24 ಬೈಟ್. ಹದಿನೈದು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ. ಒಂದು ಸೆನ್ಸರಿನ ಇಡೀ ದಿನದ ಮಾಹಿತಿ ಎರಡೂಕಾಲು ಸಾವಿರ ಬೈಟ್ ಚಿಲ್ಲರೆ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಇದರ ಸಾವಿರ ಪಟ್ಟು ಇರಬಹುದು. ನೀರಿನ ಗುಣ ಅಳೆಯುವವರಿಗೆ ಆಮೆವೇಗದ ಲಿಂಕ್ ಸಾಕು. ಬ್ಯಾಟರಿ ಸಾಕಾಗುತ್ತದಾ ಅನ್ನೋದೇ ಪ್ರಶ್ನೆ. ಶಬ್ದದ ಮೋಡೆಮ್ ಕೇಳಿಸಿಕೊಳ್ಳುವಾಗ ತಿನ್ನುವುದು ಕಡಿಮೆ, ಕೂಗುವಾಗ ವ್ಯಾಟ್‌ಗಟ್ಟಲೆ ತಿನ್ನುತ್ತದೆ.

ಈಗ ನಾನು ನಿಮಗೆ ತಿರುಗಿ ಕೇಳುವ ಪ್ರಶ್ನೆ: ನೀರಿನೊಳಗೆ ವೈರ್ ಇಲ್ಲದೆ ಮಾತಾಡಲೇಬೇಕಾ? ಪ್ರಪಂಚದ ಸಾಗರಗಳಲ್ಲಿ ಆರ್ಗೋ ಅನ್ನುವ ಯೋಜನೆಯ ಸುಮಾರು 4,000 ತೇಲುಯಂತ್ರಗಳಿವೆ. ಒಂದೊಂದೂ ಸಾವಿರ ಮೀಟರ್ ಆಳದಲ್ಲಿ ತೇಲುತ್ತಾ ಹೋಗುತ್ತದೆ, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಅಳೆಯುತ್ತಾ ಮೇಲೆ ಬರುತ್ತದೆ. ಮೇಲೆ ತಲೆ ಎತ್ತಿದ ಮೇಲೆ ಉಪಗ್ರಹಕ್ಕೆ ಮಾಹಿತಿ ಕಳಿಸಿ ಮತ್ತೆ ಮುಳುಗುತ್ತದೆ. ಗಮನಿಸಿದಿರಾ? ನೀರು ಅಳೆಯುವ ಇಷ್ಟು ದೊಡ್ಡ ವ್ಯವಸ್ಥೆಯೇ ನೀರಿನೊಳಗೆ ಮಾತಾಡುವ ಗೋಜಿಗೆ ಹೋಗಿಲ್ಲ. ಮೇಲೆ ಬಂದು ಹೇಳಿ ಹೋಗುತ್ತದೆ. ನಿಮ್ಮ ಕೆರೆಯಲ್ಲಿ ಅಷ್ಟೂ ಬೇಡ. ಒಂದು ಬೋಯ್, ಅಂದರೆ ನೀರಿನ ಮೇಲೆ ಒಂದೇ ಕಡೆ ನಿಲ್ಲುವ ತೇಲುಬುರುಡೆ, ತೇಲಿಬಿಡಿ. ಅದರ ಕೆಳಗೆ ಕೇಬಲ್ ಇಳಿಬಿಟ್ಟು ಸೆನ್ಸರ್ ಕಟ್ಟಿ. ಬೋಯ್ ಮೇಲೆ ಸೋಲಾರ್ ಪ್ಯಾನೆಲ್, ಬ್ಯಾಟರಿ, ಕಡಿಮೆ ಪವರ್‌ನಲ್ಲೇ ದೂರ ಮುಟ್ಟುವ ಒಂದು ಲೋರಾ ರೇಡಿಯೋ ಇಲ್ಲವೇ ಮೊಬೈಲ್ ಮೋಡೆಮ್. ಆಂಟೆನಾ ಗಾಳಿಯಲ್ಲಿದ್ದರೆ ಮೇಲೆ ಹೇಳಿದ ಮುಕ್ಕಾಲು ಪಾಲು ತಲೆನೋವು ಇರುವುದೇ ಇಲ್ಲ. ಗಡಿಯಾರಕ್ಕೆ ಜಿಪಿಎಸ್ ಕೂಡ ಸಿಗುತ್ತದೆ. ಶಬ್ದದ ಮೋಡೆಮ್ ಇಟ್ಟುಕೊಳ್ಳಬೇಕಾದದ್ದು ಬೋಯ್ ಹಾಕಲು ಆಗದ ಜಾಗಗಳಿಗೆ: ಹಡಗು ಓಡಾಡುವ ದಾರಿ, ಮೇಲೆ ಮಂಜುಗಡ್ಡೆ ಕಟ್ಟುವ ಸರೋವರ, ತೀರಾ ಆಳದ ಸಮುದ್ರ. ನಿಮ್ಮ ಪ್ರಾಜೆಕ್ಟಿನ ಉದ್ದೇಶವೇ ಶಬ್ದದ ನೆಟ್‌ವರ್ಕ್ ಕಲಿಯುವುದಾದರೆ ಖಂಡಿತ ಮಾಡಿ, ಮಜವಾಗಿರುತ್ತದೆ. ಕೆರೆಯನ್ನು ತಿಳಿಯುವುದು ಉದ್ದೇಶವಾದರೆ ಕೇಬಲ್ ಸಾಕು.

ಸೆನ್ಸರ್ ವಿಷಯಕ್ಕೆ ಬರೋಣ. ಮೊದಲ ಸುತ್ತಿಗೆ ಐದು ಸಾಕು: ಉಷ್ಣಾಂಶ, ಕರಗಿದ ಆಮ್ಲಜನಕ, ಪಿಎಚ್, ವಿದ್ಯುತ್ ವಾಹಕತೆ (ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಅನ್ನೋದರ ಸುಳಿವು), ಕದಡುವಿಕೆ. ಉಷ್ಣಾಂಶ ಇಲ್ಲದೆ ಉಳಿದ ಯಾವುದಕ್ಕೂ ಅರ್ಥವಿಲ್ಲ. ವಾಹಕತೆ ಒಂದು ಡಿಗ್ರಿಗೆ ಸುಮಾರು 2% ಏರುತ್ತದೆ. ಅದಕ್ಕೇ ಅದನ್ನು 25 ಡಿಗ್ರಿಗೆ ಹೊಂದಿಸಿ ಬರೆಯುವುದು. ಹಾಗೆ ಮಾಡದಿದ್ದರೆ ಮಧ್ಯಾಹ್ನದ ಬಿಸಿಲನ್ನೇ ಯಾರೋ ಉಪ್ಪುನೀರು ಬಿಟ್ಟಿದ್ದಾರೆ ಅಂದುಕೊಳ್ಳುತ್ತೀರಿ. ಆಮ್ಲಜನಕದ್ದೂ ಅಷ್ಟೇ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿ ನೀರಿಗೆ ಸುಮಾರು 7.6 ಅಷ್ಟೇ ಸಾಧ್ಯ. ನೀರು ಕೆಡದಿದ್ದರೂ ಬಿಸಿಯಾದರೆ ಅಂಕಿ ಇಳಿಯುತ್ತದೆ.

ಆಮ್ಲಜನಕಕ್ಕೆ ಹಳೇ ಪೊರೆಯ ಎಲೆಕ್ಟ್ರೋಡ್ ಬೇಡ. ಅದು ಅಳೆಯುತ್ತಾ ಅಳೆಯುತ್ತಾ ಆಮ್ಲಜನಕವನ್ನು ತಾನೇ ತಿನ್ನುತ್ತದೆ. ನಿಂತ ನೀರಿನಲ್ಲಿ ಕಡಿಮೆ ತೋರಿಸುತ್ತದೆ. ಬೆಳಕಿನದ್ದನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದು ಬಣ್ಣದ ಪದರಕ್ಕೆ ನೀಲಿ ಬೆಳಕು ಹೊಡೆದರೆ ಅದು ಕೆಂಪಗೆ ಹೊಳೆಯುತ್ತದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಆ ಹೊಳಪು ಬೇಗ ಆರುತ್ತದೆ. ಎಷ್ಟು ಬೇಗ ಆರಿತು ಅನ್ನೋದೇ ಅಳತೆ. ಕದಡುವಿಕೆ ಸೆನ್ಸರ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಟ್ಟು, 90 ಡಿಗ್ರಿ ಪಕ್ಕಕ್ಕೆ ಚದುರಿದ್ದನ್ನು ಎಣಿಸುತ್ತದೆ. ಪಾಚಿಗೂ ಸೆನ್ಸರ್ ಇದೆ. ಪಾಚಿಯೊಳಗಿನ ಹಸಿರು ನೀಲಿ ಬೆಳಕಿಗೆ ಕೆಂಪಗೆ ಮಿನುಗುತ್ತದೆ, ಅದನ್ನು ಹಿಡಿಯುತ್ತದೆ. ಅಮೋನಿಯಂ ಎಲೆಕ್ಟ್ರೋಡ್ ಮಾತ್ರ ಆಸೆ ತೋರಿಸಿ ಕೈಕೊಡುವ ಜಾತಿ. ಪೊಟ್ಯಾಸಿಯಂ ಕಂಡರೂ ಅಮೋನಿಯಂ ಅಂತ ಲೆಕ್ಕ ಬರೆಯುತ್ತದೆ. ಮೊದಲ ವರ್ಷ ಅದರ ಸಹವಾಸ ಬೇಡ.

ಇಪ್ಪತ್ತು ಜಾಗ ಅಂದಿರಿ. ಮೇಲ್ಮೈಯಲ್ಲಿ ಇಪ್ಪತ್ತು ಕಡೆ ಹರಡುವ ಬದಲು ಅತಿ ಆಳದ ಒಂದೇ ಜಾಗದಲ್ಲಿ ಮೇಲಿಂದ ಕೆಳಗೆ ನಾಲ್ಕು ಸೆನ್ಸರ್ ಇಳಿಬಿಡಿ ಅಂತ ನಾನು ಹೇಳುತ್ತೇನೆ. ಅಕ್ಕಪಕ್ಕದ ಎರಡು ಜಾಗಕ್ಕಿಂತ ಮೇಲೆ ಕೆಳಗಿನ ಎರಡು ಜಾಗದ ವ್ಯತ್ಯಾಸವೇ ಕೆರೆಯಲ್ಲಿ ಸಾಮಾನ್ಯವಾಗಿ ಜಾಸ್ತಿ. ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿ ಹಗುರಾಗುತ್ತದೆ, ತಣ್ಣೀರು ಕೆಳಗೆ ಕೂತುಬಿಡುತ್ತದೆ. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಸತ್ತ ಪಾಚಿ, ಎಲೆ, ಕೊಳಕು ಕೊಳೆಯುತ್ತಾ ಅಲ್ಲಿನ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಅದು ಪೂರ್ತಿ ಮುಗಿದ ಮೇಲೆ ಕೆಸರಿನಲ್ಲಿ ಅಂಟಿಕೊಂಡಿದ್ದ ರಂಜಕ, ಕಬ್ಬಿಣ, ಮ್ಯಾಂಗನೀಸ್ ನೀರಿಗೆ ಬಿಡುಗಡೆಯಾಗುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಹುಟ್ಟುತ್ತದೆ. ಆಗಲೂ ಮೇಲಿಂದ ನೋಡಿದರೆ ಕೆರೆ ಚೆನ್ನಾಗೇ ಕಾಣುತ್ತದೆ. ಒಂದು ದಿನ ಜೋರು ಗಾಳಿ, ತಣ್ಣನೆ ರಾತ್ರಿ. ಕೆಳಗಿನದು ಮೇಲೆ ಬರುತ್ತದೆ, ಬೆಳಿಗ್ಗೆ ಮೀನು ಸತ್ತು ತೇಲುತ್ತವೆ. ಎಲ್ಲರೂ ಯಾರೋ ವಿಷ ಬಿಟ್ಟರು ಅನ್ನುತ್ತಾರೆ. ತಳದಲ್ಲಿ ಒಂದು ಸೆನ್ಸರ್ ಇದ್ದಿದ್ದರೆ ವಾರಗಳ ಮುಂಚೆಯೇ ಸುಳಿವು ಸಿಗುತ್ತಿತ್ತು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಇಳಿದರೆ ಬಹುಪಾಲು ಮೀನಿಗೆ ಅಲ್ಲಿ ಜಾಗವಿಲ್ಲ. ಮೇಲಿಂದ ಕೆಳಗಿನ ಈ ನಾಲ್ಕು ಸೆನ್ಸರ್ ಬಿಟ್ಟರೆ ನೀರು ಒಳಗೆ ಬರುವ ಕಡೆ ಒಂದು, ಹೊರಗೆ ಹೋಗುವ ಕಡೆ ಒಂದು. ಆರು ಆಯಿತು. ಉಳಿದ ಹದಿನಾಲ್ಕರ ಹಣ ತೊಳೆಯುವ ಕೆಲಸಕ್ಕೆ ಬೇಕಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಒಂದು ಸಲ ಮೂರು ಮೀಟರ್ ಆಳದ ನಮ್ಮ ಆಮ್ಲಜನಕ ಸೆನ್ಸರ್ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. ಏಳರ ಹತ್ತಿರ ಇದ್ದದ್ದು ಮೂರು ವಾರದಲ್ಲಿ ಮೂರಕ್ಕೆ ಬಂತು. ಗ್ರಾಫ್ ಎಷ್ಟು ನಯವಾಗಿತ್ತು ಅಂದರೆ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲಿಂದಲೋ ಚರಂಡಿ ನೀರು ಸೇರುತ್ತಿದೆ ಅಂತ ನಾನೇ ಖಾತ್ರಿಯಾಗಿ ಹೇಳಿದೆ, ಒಂದು ವರದಿಯನ್ನೂ ಅರ್ಧ ಬರೆದೆ. ದೋಣಿಯಲ್ಲಿ ಹೋಗಿ ಮೇಲೆತ್ತಿದರೆ ಸೆನ್ಸರ್ ತುದಿಗೆ ಬೆರಳಿನಷ್ಟು ದಪ್ಪ ಲೋಳೆ. ಆ ಲೋಳೆಯಲ್ಲಿ ಬದುಕಿದ್ದ ಜೀವಿಗಳು ಆಮ್ಲಜನಕ ಉಸಿರಾಡುತ್ತಿದ್ದವು. ಸೆನ್ಸರ್ ತಪ್ಪು ಹೇಳಿರಲಿಲ್ಲ. ಅದು ಲೋಳೆಯೊಳಗಿನ ಆಮ್ಲಜನಕವನ್ನು ಸರಿಯಾಗೇ ಅಳೆದಿತ್ತು, ಕೆರೆಯದ್ದನ್ನಲ್ಲ. ಒರೆಸಿ ಬಿಟ್ಟ ಕೂಡಲೇ ಅಂಕಿ ಮೇಲೆ ಹಾರಿತು. ಬರೆದ ವರದಿ ಹರಿದು ಹಾಕಿದೆ.

ನೀರಿನಲ್ಲಿ ಏನೇ ಇಟ್ಟರೂ ಅದರ ಮೇಲೆ ಏನಾದರೂ ಬೆಳೆಯುತ್ತದೆ. ಪೋಷಕಾಂಶ ಜಾಸ್ತಿ ಇರುವ ಬೆಚ್ಚನೆ ನೀರಿನಲ್ಲಿ ಒಂದು ವಾರ ಸಾಕು. ಇದಕ್ಕೆ ಉಪಾಯಗಳಿವೆ. ಅಳೆಯುವ ಮೊದಲು ಒಂದು ಪುಟ್ಟ ಬ್ರಷ್ ಬಂದು ತುದಿಯನ್ನು ಒರೆಸಿ ಹೋಗುತ್ತದೆ, ಕಾರಿನ ವೈಪರ್ ಥರ. ಸುತ್ತ ತಾಮ್ರದ ಜಾಲರಿ ಇಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ. ತಾಮ್ರವನ್ನೇ ಅಳೆಯುವವರು ಮಾತ್ರ ಇದನ್ನು ಮಾಡಬಾರದು, ಗೊತ್ತಾಯಿತಲ್ಲ. ಅತಿನೇರಳೆ ಬೆಳಕು ಬಿಡುವವರೂ ಇದ್ದಾರೆ. ಇವೆಲ್ಲ ತೊಳೆಯುವ ಕೆಲಸವನ್ನು ವಾರದಿಂದ ತಿಂಗಳಿಗೆ ಮುಂದೂಡುತ್ತವೆ, ತಪ್ಪಿಸುವುದಿಲ್ಲ. ಪಿಎಚ್‌ನದ್ದು ಇನ್ನೊಂದು ರಗಳೆ. ಅದು ಗಾಜಿನ ಎಲೆಕ್ಟ್ರೋಡ್, ಕೊಳೆಯಾಗದಿದ್ದರೂ ವಯಸ್ಸಾಗುತ್ತಾ ತಾನೇ ಸರಿಯುತ್ತದೆ. ಪಿಎಚ್ 7 ಮತ್ತು 10, ಇಲ್ಲವೇ 7 ಮತ್ತು 4 ಅಂತ ಮೊದಲೇ ಗೊತ್ತಿರುವ ದ್ರಾವಣ, ಅಂದರೆ ಬಫರ್‌ನಲ್ಲಿ ಅದ್ದಿ ಆಗಾಗ ದಾರಿಗೆ ತರಬೇಕು.

ಹಾಗಾಗಿ ಪ್ರತಿ ಸಲ ದೋಣಿಯಲ್ಲಿ ಹೋದಾಗ ಈ ಕ್ರಮ ತಪ್ಪಿಸಬೇಡಿ. ಮೊದಲು ಕೊಳೆ ಇರುವ ಹಾಗೇ ಅಂಕಿ ಬರೆದುಕೊಳ್ಳಿ. ಪಕ್ಕದಲ್ಲೇ ಅದೇ ಆಳಕ್ಕೆ ಕೈಯಲ್ಲಿ ಹಿಡಿಯುವ ಇನ್ನೊಂದು ಮೀಟರ್ ಇಳಿಸಿ ಅದನ್ನೂ ಬರೆಯಿರಿ. ಆಮೇಲೆ ತೊಳೆಯಿರಿ, ಮತ್ತೆ ಅದೇ ನೀರಿನಲ್ಲಿ ಇಟ್ಟು ಬರೆಯಿರಿ. ತೊಳೆಯುವ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ಕೊಳೆಯದ್ದು, ಈ ನಡುವೆ ನೀರೇ ಬದಲಾಗಿದ್ದರೆ ಕೈಮೀಟರ್ ಹೇಳುತ್ತದೆ. ಕೊನೆಗೆ ಬಫರ್‌ನಲ್ಲಿ ಅದ್ದಿ ನೋಡಿ, ಅಲ್ಲಿ ಉಳಿಯುವ ತಪ್ಪು ಸೆನ್ಸರ್ ತಾನೇ ಸರಿದದ್ದು. ಅಮೆರಿಕದ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನವರು ನದಿಗಳಲ್ಲಿ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಎರಡೂ ತಪ್ಪನ್ನು ಬೇರೆಬೇರೆ ಬರೆದಿಟ್ಟರೆ ಹಿಂದಿನ ವಾರಗಳ ಡೇಟಾವನ್ನು ತಿದ್ದಬಹುದು. ಸುಮ್ನೆ ಒರೆಸಿ ವಾಪಸ್ ಹಾಕಿದರೆ ಆ ವಾರಗಳ ಡೇಟಾ ಕಸ.

ದಡದಲ್ಲಿ ಕೂತೇ ಹಿಡಿಯಬಹುದಾದ ತಪ್ಪುಗಳೂ ಇವೆ. ಒಂದೇ ಅಂಕಿ ಗಂಟೆಗಟ್ಟಲೆ ಅಲುಗಾಡದೆ ನಿಂತರೆ ಸೆನ್ಸರ್ ಸತ್ತಿದೆ. ಒಂದೇ ಒಂದು ಅಳತೆ ಮುಗಿಲಿಗೆ ಹಾರಿ ಮರುಕ್ಷಣ ಇಳಿದರೆ ಗುಳ್ಳೆಯೋ ಮೀನೋ ಹಾದುಹೋಗಿರಬಹುದು. ಇನ್ನೂ ಒಳ್ಳೆಯ ಪರೀಕ್ಷೆಯನ್ನು ಕೆರೆಯೇ ಕೊಡುತ್ತದೆ. ಹಗಲು ಪಾಚಿ ಬಿಸಿಲಿಗೆ ಆಹಾರ ಮಾಡಿಕೊಳ್ಳುವಾಗ ಆಮ್ಲಜನಕ ಬಿಡುತ್ತದೆ, ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಹಾಗಾಗಿ ಆಮ್ಲಜನಕ ಏರುತ್ತದೆ, ಜೊತೆಗೇ ಪಿಎಚ್ ಕೂಡ ಏರುತ್ತದೆ. ರಾತ್ರಿ ಎರಡೂ ಇಳಿಯುತ್ತವೆ, ನಸುಕಿನಲ್ಲಿ ತಳ ಮುಟ್ಟುತ್ತವೆ. ಇವೆರಡೂ ಜೋಡಿ ಎತ್ತಿನ ಹಾಗೆ ಹೋಗಬೇಕು. ಆಮ್ಲಜನಕ ಒಂದೇ ಇಳಿಯುತ್ತಾ, ಪಿಎಚ್ ತನ್ನ ಪಾಡಿಗೆ ಮಾಮೂಲಿಯಾಗಿ ಏರಿಳಿಯುತ್ತಿದ್ದರೆ ಮೊದಲು ಸೆನ್ಸರ್ ಮೇಲೆ ಅನುಮಾನಪಡಿ. ನನ್ನ ಲೋಳೆ ಕಥೆಯಲ್ಲಿ ಪಿಎಚ್ ಅದನ್ನೇ ಹೇಳುತ್ತಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಇದೇ ಏರಿಳಿತದಿಂದಲೇ ನಿಮ್ಮ ಪ್ರಾಜೆಕ್ಟಿಗೆ ಬೆಲೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಟಲಿ ಹಿಡಿದು ಹೋದವರಿಗೆ ಕೆರೆ ಯಾವಾಗಲೂ ಆರೋಗ್ಯವಾಗೇ ಕಾಣುತ್ತದೆ. ನಸುಕಿನ ನಾಲ್ಕು ಗಂಟೆಗೆ ಮೀನು ಬಾಯಿ ಮೇಲೆತ್ತಿ ಒದ್ದಾಡುವುದು ಸೆನ್ಸರಿಗೆ ಮಾತ್ರ ಗೊತ್ತಾಗುತ್ತದೆ.

ಹಾಗಂತ ಲ್ಯಾಬ್ ಬಿಡಲು ಆಗುವುದಿಲ್ಲ. ನಿಮ್ಮ ಐದು ಸೆನ್ಸರಿಗೆ ಸೀಸ, ಆರ್ಸೆನಿಕ್, ಕೀಟನಾಶಕ ಯಾವುದೂ ಕಾಣುವುದಿಲ್ಲ. ಕುಡಿಯುವ ನೀರಿಗೆ ಮುಖ್ಯವಾದ ಇ-ಕೋಲಿ ಬ್ಯಾಕ್ಟೀರಿಯಾ ಪತ್ತೆಗೆ ಮಾಮೂಲಿ ವಿಧಾನದಲ್ಲಿ 18ರಿಂದ 24 ಗಂಟೆ ಬೆಳೆಸಿ ನೋಡಬೇಕು. ಪಿಎಚ್ 7, ಆಮ್ಲಜನಕ 8, ಕದಡುವಿಕೆ ಸೊನ್ನೆ ಇರುವ ನೀರು ಕುಡಿದು ಆಸ್ಪತ್ರೆ ಸೇರಬಹುದು. ನಿಮ್ಮ ವೆಬ್‌ಪುಟದಲ್ಲಿ ಹಸಿರು ಬಣ್ಣದಲ್ಲಿ ‘ನೀರು ಸುರಕ್ಷಿತ’ ಅಂತ ಮಾತ್ರ ಯಾವತ್ತೂ ಬರೆಯಬೇಡಿ.

ಅಮೆರಿಕದ ಟೊಲೆಡೊ ನಗರಕ್ಕೆ ಈರಿ ಸರೋವರದ ನೀರು ಬರುತ್ತದೆ. 2014ರ ಆಗಸ್ಟ್‌ನಲ್ಲಿ ಅಲ್ಲಿ ನೀಲಿಹಸಿರು ಪಾಚಿಯ ವಿಷ ನಲ್ಲಿ ನೀರಿನವರೆಗೂ ಬಂತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಎರಡು ದಿನಕ್ಕೂ ಮೀರಿ ನಲ್ಲಿ ನೀರು ಕುಡಿಯಬೇಡಿ ಅಂದರು. ಕುದಿಸಿದರೂ ಆ ವಿಷ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಬೋಯ್ ಮೇಲಿನ ಮಾಮೂಲಿ ಸೆನ್ಸರ್ ಆ ವಿಷವನ್ನು ಅಳೆಯುವುದಿಲ್ಲ. ಆದರೆ ಅದಕ್ಕೆಂದೇ ಇರುವ ಪಾಚಿ ಸೆನ್ಸರ್ ಆ ಜಾತಿಯ ಪಾಚಿಯ ಬಣ್ಣವನ್ನು ಹಿಡಿಯುತ್ತದೆ. ಬಣ್ಣ ಏರುತ್ತಿದೆ, ಊರಿಗೆ ನೀರು ಎತ್ತುವ ಜಾಗದ ಕಡೆಗೆ ಗಾಳಿ ಬೀಸುತ್ತಿದೆ ಅಂತ ಗೊತ್ತಾದರೆ ಲ್ಯಾಬಿನವರು ಆ ಹೊತ್ತಿಗೇ ಬಾಟಲಿ ತುಂಬಬಹುದು. ಸೆನ್ಸರ್ ಯಾವಾಗ ನೋಡಬೇಕು ಅನ್ನುತ್ತದೆ, ಏನಿದೆ ಅಂತ ಲ್ಯಾಬ್ ಹೇಳುತ್ತದೆ. ನಿಮ್ಮಲ್ಲಿ ಯಾರಿಗಾದರೂ ಮೆಕ್ಯಾನಿಕಲ್ ಕೆಲಸದಲ್ಲಿ ಆಸಕ್ತಿ ಇದ್ದರೆ ಇಲ್ಲೊಂದು ಒಳ್ಳೆಯ ಕೆಲಸವಿದೆ: ಕದಡುವಿಕೆ ತಟ್ಟನೆ ಏರಿದ ಕೂಡಲೇ ತಾನಾಗೇ ಬಾಟಲಿ ತುಂಬಿಕೊಳ್ಳುವ ಪಂಪ್. ಮಳೆಯ ಮೊದಲ ಅರ್ಧ ಗಂಟೆಯ ನೀರು ಹಿಡಿಯಲು ಮನುಷ್ಯರಿಂದ ಆಗುವುದಿಲ್ಲ.

ಹೇಗೆ ಶುರು ಮಾಡುವುದು ಅಂದರೆ, ಮೊದಲ ತಿಂಗಳು ನೆಟ್‌ವರ್ಕೇ ಬೇಡ. ಎರಡು ಒಂದೇ ಥರದ ಸೆನ್ಸರ್ ತೆಗೆದುಕೊಂಡು ಒಂದೇ ಆಳಕ್ಕೆ, ಒಂದೇ ಹಗ್ಗಕ್ಕೆ ಅಕ್ಕಪಕ್ಕ ಕಟ್ಟಿ. ಡೇಟಾ ಒಳಗಿನ ಮೆಮೊರಿ ಕಾರ್ಡಿಗೇ ಹೋಗಲಿ. ಒಂದನ್ನು ವಾರಕ್ಕೊಮ್ಮೆ ತೊಳೆಯಿರಿ, ಇನ್ನೊಂದನ್ನು ಮುಟ್ಟಬೇಡಿ. ತಿಂಗಳ ಕೊನೆಗೆ ಎರಡು ಗ್ರಾಫ್ ಒಂದರ ಮೇಲೊಂದು ಹಾಕಿ ನೋಡಿದರೆ ಎಷ್ಟು ದಿನಕ್ಕೆ ಅವು ಬೇರೆಯಾಗುತ್ತವೆ ಅಂತ ತಿಳಿಯುತ್ತದೆ. ನಿಮ್ಮ ಕೆರೆಯಲ್ಲಿ ತೊಳೆಯುವ ಗಡುವು ಅದು. ಅದನ್ನು ಯಾವ ಪುಸ್ತಕವೂ ಹೇಳಲಾರದು. ಬೋಯ್, ರೇಡಿಯೋ ಎಲ್ಲ ಎರಡನೇ ತಿಂಗಳಿಗೆ ಇರಲಿ.

ಹಗ್ಗ ಅಂದಾಗ ನೆನಪಾಯಿತು. ಬೋಯ್‌ನಿಂದ ಇಳಿಬಿಟ್ಟ ಸೆನ್ಸರ್ ನೀರಿನ ಮೇಲ್ಮೈಯಿಂದ ಅಷ್ಟೇ ಆಳದಲ್ಲಿರುತ್ತದೆ. ನೀರು ಇಳಿದರೆ ಅದೂ ಇಳಿಯುತ್ತದೆ, ಒಂದು ದಿನ ಹೋಗಿ ಕೆಸರಿನಲ್ಲಿ ಕೂರುತ್ತದೆ. ತಳದ ಸೆನ್ಸರನ್ನು ಬೋಯ್‌ಗೆ ಕಟ್ಟಬೇಡಿ. ಕೆಳಗೆ ಒಂದು ಭಾರ ಇಳಿಸಿ, ಅದರಿಂದ ಅರ್ಧ ಮೀಟರ್ ಮೇಲೆ ಪುಟ್ಟ ತೇಲು ಕಟ್ಟಿ ನಿಲ್ಲಿಸಿ. ಮೇಲಿನ ಕೇಬಲ್ ಸ್ವಲ್ಪ ಸಡಿಲವಿರಲಿ. ಮಳೆಗಾಲದಲ್ಲಿ ನೀರು ಏರಿದಾಗ ಬಿಗಿಯಾದ ಕೇಬಲ್ ಕನೆಕ್ಟರ್ ಹತ್ತಿರವೇ ಕಿತ್ತುಬರುತ್ತದೆ.